ಹಸಿ ತೂಕ, ಬೆಂದ ತೂಕ

ನೂರು ಗ್ರಾಂ ಅಕ್ಕಿಯಲ್ಲಿ ಎಷ್ಟು ಕ್ಯಾಲೊರಿ ಎಂದು ಮೊಬೈಲಿನಲ್ಲಿ ಹುಡುಕಿದವರಿಗೆ ಎರಡು ಉತ್ತರ ಸಿಗುತ್ತವೆ. ಒಂದು ಕಡೆ ಸುಮಾರು 356, ಇನ್ನೊಂದು ಕಡೆ ಸುಮಾರು 130. ಎರಡೂ ಸರಿಯೇ. ಮೊದಲನೆಯದು ಡಬ್ಬಿಯಲ್ಲಿರುವ ಅಕ್ಕಿಯದು, ಎರಡನೆಯದು ತಟ್ಟೆಗೆ ಬಂದ ಅನ್ನದ್ದು. ನಡುವೆ ನಡೆದಿರುವುದು ಇಷ್ಟೇ: ಅಕ್ಕಿ ನೀರು ಕುಡಿದಿದೆ. ನೀರಿಗೆ ತೂಕವುಂಟು, ಕ್ಯಾಲೊರಿಯಿಲ್ಲ. ಒಂದು ಕಿಲೊ ಅಕ್ಕಿ ಬೆಂದು ಎರಡೂವರೆ, ಮೂರು ಕಿಲೊ ಅನ್ನವಾಗುತ್ತದೆ. ಅದರೊಳಗಿನ ಶಕ್ತಿ ಮಾತ್ರ ಒಲೆಗೆ ಇಡುವ ಮೊದಲು ಇದ್ದಷ್ಟೇ ಇರುತ್ತದೆ.

ಈ ಸಣ್ಣ ಸಂಗತಿ ಕೈತಪ್ಪಿದರೆ ಇಡೀ ದಿನದ ಲೆಕ್ಕ ತಲೆಕೆಳಗಾಗುತ್ತದೆ. ಒಬ್ಬರು 200 ಗ್ರಾಂ ಅನ್ನ ತೂಗಿ, ಆ್ಯಪಿನಲ್ಲಿ ‘ಅಕ್ಕಿ, 200 ಗ್ರಾಂ’ ಎಂದು ಬರೆದುಕೊಂಡರೆ 260 ಕ್ಯಾಲೊರಿ ಇರಬೇಕಾದ ಜಾಗದಲ್ಲಿ 712 ಬಂದು ಕೂರುತ್ತದೆ. ಹಸಿ ಅಕ್ಕಿ ತೂಗಿ ‘ಅನ್ನ’ ಎಂದು ಬರೆದವರಿಗೆ ಇದೇ ತಪ್ಪು ಉಲ್ಟಾ ಹೊಡೆಯುತ್ತದೆ. ತೂಕ ಇಳಿಸಬೇಕೆಂದು ಶ್ರದ್ಧೆಯಿಂದ ಲೆಕ್ಕ ಇಡುವವರು ತಿಂಗಳಾದರೂ ಕಾಟಾದ ಮುಳ್ಳು ಕದಲದಿದ್ದಾಗ ತಮ್ಮ ದೇಹವನ್ನೇ ಅನುಮಾನಿಸುತ್ತಾರೆ. ಎಷ್ಟೋ ಸಲ ತಪ್ಪಿರುವುದು ದೇಹದಲ್ಲಲ್ಲ, ನೀರಿನ ಲೆಕ್ಕದಲ್ಲಿ.

ಅನ್ನದ ಮಟ್ಟಿಗೆ ಈ ಗೊಂದಲ ಬಗೆಹರಿಸುವುದು ಸುಲಭ. ಕಷ್ಟ ಶುರುವಾಗುವುದು ಹುಳಿ, ಸಾಗು, ಬಿಸಿಬೇಳೆಬಾತ್‌ಗಳಲ್ಲಿ. ಭಾರತದ ಮನೆಗಳಲ್ಲಿ ಒಬ್ಬರಿಗೆಂದೇ ಅಡುಗೆ ಮಾಡುವುದು ಕಡಿಮೆ. ಒಂದೇ ಪಾತ್ರೆಯಲ್ಲಿ ಐದು ಜನರ ಊಟ ಬೇಯುತ್ತದೆ. ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಭಾನುವಾರವೇ ಮೂರು ದಿನದ ಅಡುಗೆ ಮಾಡಿ ಫ್ರಿಜ್‌ನಲ್ಲಿಡುತ್ತಾರೆ. ಹತ್ತಾರು ಸಾಮಾನು ಬೆರೆತು, ಕುದಿದು, ಬತ್ತಿ, ಒಗ್ಗರಣೆ ಬಿದ್ದ ಮೇಲೆ ಒಂದು ಬಟ್ಟಲಿನಲ್ಲಿ ಬೇಳೆ ಎಷ್ಟು, ಎಣ್ಣೆ ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳಲು ಯಾರಿಂದಲೂ ಆಗದು. ಹಾಗೆ ಹೇಳುವ ಅಗತ್ಯವೂ ಇಲ್ಲ. ಶಕ್ತಿಯನ್ನು ಒಲೆ ಹಚ್ಚುವ ಮೊದಲು ಅಳೆಯಬೇಕು, ಪಾಲನ್ನು ಒಲೆ ಆರಿಸಿದ ಮೇಲೆ ಅಳೆಯಬೇಕು. ಎರಡನ್ನೂ ಜೋಡಿಸಲು ಒಂದು ಭಾಗಾಕಾರ ಸಾಕು.

ಬೆಂದ ಆಹಾರವನ್ನು ಹಸಿ ಆಹಾರದಿಂದ ಬೇರೆಯಾಗಿಯೇ ಅಳೆಯಬೇಕು ಎಂಬ ಹಟ ಹುಟ್ಟಿದ್ದು ಒಂದು ಆಸ್ಪತ್ರೆಯ ಅಡುಗೆಮನೆಯ ಸುತ್ತ. 1922ರಲ್ಲಿ ಇನ್ಸುಲಿನ್ ಬಳಕೆಗೆ ಬಂದ ಮೇಲೆ ಮಧುಮೇಹಿಗಳು ತಿನ್ನುವ ಪಿಷ್ಟ, ಸಕ್ಕರೆಗಳನ್ನು ನಿಖರವಾಗಿ ತಿಳಿಯುವುದು ಜೀವನ್ಮರಣದ ಪ್ರಶ್ನೆಯಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ವೈದ್ಯ ರಾಬರ್ಟ್ ಮೆಕಾನ್ಸ್ ಅದಕ್ಕಾಗಿ ಹಣ್ಣು ತರಕಾರಿಗಳನ್ನು ವಿಶ್ಲೇಷಿಸುತ್ತಿದ್ದರು. ಆಮೇಲೆ ಮಾಂಸ ಬೇಯುವಾಗ ಏನೇನು ನಷ್ಟವಾಗುತ್ತದೆಂದು ನೋಡಲು ಆಸ್ಪತ್ರೆಯ ಅಡುಗೆಮನೆಗೇ ಬಂದರು. 1933ರಲ್ಲಿ ಅಲ್ಲಿ ದೊಡ್ಡ ಪ್ರಮಾಣದ ಅಡುಗೆ ಕಲಿಯುತ್ತಿದ್ದ ಎಲ್ಸಿ ವಿಡೋಸನ್ ಎಂಬ ತರುಣ ರಸಾಯನ ವಿಜ್ಞಾನಿಯ ಪರಿಚಯವಾಯಿತು. ಸೇಬಿನ ಸಕ್ಕರೆಗಳ ಮೇಲೆ ಡಾಕ್ಟರೇಟ್ ಮಾಡಿದ್ದ ಆಕೆ, ಹಣ್ಣುಗಳ ಬಗ್ಗೆ ನೀವು ಕೊಟ್ಟಿರುವ ಅಂಕಿಗಳು ತಪ್ಪು ಎಂದು ಮೆಕಾನ್ಸ್ ಅವರಿಗೆ ನೇರವಾಗಿ ಹೇಳಿದರು. ವಿಶ್ಲೇಷಣೆಗೆ ಬಳಸಿದ ಆಮ್ಲದಲ್ಲಿ ಫ್ರಕ್ಟೋಸಿನ ಒಂದು ಭಾಗ ನಾಶವಾಗಿಬಿಟ್ಟಿತ್ತು. ಮೆಕಾನ್ಸ್ ಸಿಟ್ಟಾಗಲಿಲ್ಲ, ಆಕೆಯನ್ನು ಜೊತೆಗೆ ಸೇರಿಸಿಕೊಂಡರು. ಇಬ್ಬರೂ ಸೇರಿ 1940ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ಹಸಿ ಪದಾರ್ಥಗಳ ಜೊತೆಗೆ ಬೇಯಿಸಿದವುಗಳಿಗೂ ಅವುಗಳದೇ ಅಂಕಿಗಳಿದ್ದವು. ವಿಜ್ಞಾನದ ಇತಿಹಾಸದಲ್ಲಿ ವಿಡೋಸನ್ ಹೆಸರು ಇನ್ನೂ ದೊಡ್ಡದಾಗಿ ಕೇಳಬೇಕಿತ್ತು.

ಭಾರತದಲ್ಲಿ ಈ ಕೆಲಸ ಮೊದಲಾದದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪೋಷಣಾ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಆಯ್ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಮೊದಲ ಕೋಷ್ಟಕ ಪ್ರಕಟಿಸಿದರು. ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಅದೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 2017ರಲ್ಲಿ ಅದು ಹೊರತಂದ ಹೊಸ ಕೋಷ್ಟಕದಲ್ಲಿ 528 ಆಹಾರಗಳಿವೆ. ರಾಗಿ 100 ಗ್ರಾಂಗೆ ಸುಮಾರು 320 ಕ್ಯಾಲೊರಿ, ತೊಗರಿಬೇಳೆ 330, ಅಕ್ಕಿ 356. ಈ ಧಾನ್ಯ ಬೇಳೆಗಳ ಅಂಕಿಗಳೆಲ್ಲ ಹಸಿ ಪದಾರ್ಥದವು. ಬಿಸಿಬೇಳೆಬಾತ್‌ಗೆ ಇಷ್ಟು ಎಂದು ಯಾವ ಕೋಷ್ಟಕವೂ ನಂಬುವಂತೆ ಹೇಳಲಾರದು. ಮನೆಮನೆಗೂ ಅದರ ಹದ ಬೇರೆ, ತುಪ್ಪದ ಕೈ ಬೇರೆ.

ಹಾಗಾಗಿ ಬಿಸಿಬೇಳೆಬಾತನ್ನೇ ಒಲೆಯ ಮೇಲಿಟ್ಟು ನೋಡಬಹುದು. ಅಕ್ಕಿ 300 ಗ್ರಾಂ, ಅಂದರೆ ಸುಮಾರು 1,070 ಕ್ಯಾಲೊರಿ. ತೊಗರಿಬೇಳೆ 200 ಗ್ರಾಂ, 660. ಬೀನ್ಸು, ಕ್ಯಾರೆಟ್, ನವಿಲುಕೋಸು, ಒಂದಿಷ್ಟು ಆಲೂಗಡ್ಡೆ ಎಲ್ಲ ಸೇರಿ 400 ಗ್ರಾಂ ತರಕಾರಿ, 140. ಎಣ್ಣೆ ತುಪ್ಪ ಕೂಡಿ 60 ಗ್ರಾಂ, 540. ಗೋಡಂಬಿ 30 ಗ್ರಾಂ, 175. ಕೊಬ್ಬರಿ 20 ಗ್ರಾಂ, 125. ಬೆಲ್ಲ 20 ಗ್ರಾಂ, 70. ಹುಣಸೆಹಣ್ಣು, ಪುಡಿಗಳಿಗೆ ಒಂದು 60. ಒಟ್ಟು 2,840 ಕ್ಯಾಲೊರಿ. ಉಪ್ಪು, ಅರಿಶಿನ, ಕರಿಬೇವಿನ ತಂಟೆಗೆ ಹೋಗಬೇಕಾಗಿಲ್ಲ. ನೀರನ್ನಂತೂ ಅಳೆಯಲೇಬೇಕಾಗಿಲ್ಲ. ಎಷ್ಟು ಹಾಕಿದರೆಂಬುದೂ ಎಷ್ಟು ಆವಿಯಾಯಿತೆಂಬುದೂ ಕೊನೆಯ ತೂಕದಲ್ಲಿ ತಾನಾಗಿಯೇ ಸೇರಿಕೊಂಡಿರುತ್ತದೆ.

ಬೆಂದಾದ ಮೇಲೆ ಪಾತ್ರೆಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆದಾಗ 3,000 ಗ್ರಾಂ ಉಳಿಯಿತು ಎಂದುಕೊಳ್ಳಿ. 2,840ನ್ನು 3,000ದಿಂದ ಭಾಗಿಸಿದರೆ ಗ್ರಾಮಿಗೆ 0.95. ಬಟ್ಟಲಿಗೆ 350 ಗ್ರಾಂ ಬಡಿಸಿಕೊಂಡವರಿಗೆ ಸುಮಾರು 330 ಕ್ಯಾಲೊರಿ. ಮುಂದಿನ ವಾರ ಅದೇ ಸಾಮಾನು, ಅದೇ ಅಳತೆ. ಉರಿ ಸ್ವಲ್ಪ ಜಾಸ್ತಿಯಾಗಿ ಬಾತ್ ಗಟ್ಟಿಯಾಯಿತು, 2,600 ಗ್ರಾಂ ಅಷ್ಟೇ ಬಂತು. ಈಗ ಅದೇ 350 ಗ್ರಾಂ ಬಟ್ಟಲಿನಲ್ಲಿ 380 ಕ್ಯಾಲೊರಿ. ಕಣ್ಣಿಗೆ ಎರಡೂ ಒಂದೇ. ಹೋದ ವಾರದ ಅಂಕಿಯನ್ನು ಈ ವಾರಕ್ಕೂ ಅಂಟಿಸುವವರು ಪ್ರತಿ ಬಟ್ಟಲಿಗೂ 50 ಕ್ಯಾಲೊರಿ ಕಾಣದೆ ತಿನ್ನುತ್ತಾರೆ. ಕ್ಯಾಲೊರಿ ಲೆಕ್ಕದ ಆ್ಯಪ್ ಬಳಸುವವರು ಇದಕ್ಕೊಂದು ಚೆಂದದ ಉಪಾಯ ಕಂಡುಕೊಂಡಿದ್ದಾರೆ. ಅಡುಗೆಯ ಸಾಮಾನನ್ನೆಲ್ಲ ಬರೆದು, ‘ಎಷ್ಟು ಜನಕ್ಕೆ’ ಎಂದು ಕೇಳುವಲ್ಲಿ 3,000 ಎಂದು ಬೆಂದ ತೂಕವನ್ನೇ ತುಂಬುತ್ತಾರೆ. ಆಗ ಒಂದು ‘ಪಾಲು’ ಎಂದರೆ ಒಂದು ಗ್ರಾಂ. 350 ಗ್ರಾಂ ತಿಂದರೆ 350 ಪಾಲು ಎಂದು ಬರೆದರಾಯಿತು.

ಬಿಸಿಬೇಳೆಬಾತ್ ಮಾಡುವ ಮನೆಯವರಿಗೆಲ್ಲ ಗೊತ್ತಿರುವ ಇನ್ನೊಂದು ವಿಷಯವಿದೆ. ಇಳಿಸಿದಾಗ ಹರಿಯುವಂತಿದ್ದದ್ದು ಒಂದು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಮಾರನೇ ದಿನ ಮುದ್ದೆಯೇ ಆಗಿರುತ್ತದೆ. ಬಿಸಿ ಮಾಡುವಾಗ ನೀರು ಸೇರಿಸದೆ ವಿಧಿಯಿಲ್ಲ. ಸೇರಿಸಿದ ಕ್ಷಣಕ್ಕೆ ಗ್ರಾಮಿಗೆ 0.95 ಎಂಬ ಲೆಕ್ಕ ಕೆಟ್ಟಿತು. ಆದ್ದರಿಂದ ಇಂಥ ಅಡುಗೆಯನ್ನು ಮಾಡಿದ ದಿನವೇ ತೂಗಿ ಡಬ್ಬಿಗಳಿಗೆ ಹಂಚಿಬಿಡುವುದು ಒಳ್ಳೆಯದು. ಡಬ್ಬಿಗೆ 350 ಗ್ರಾಂ ಹೋಯಿತೆಂದರೆ 330 ಕ್ಯಾಲೊರಿ ಒಳಗೆ ಹೋಯಿತು. ನಾಳೆ ಅದಕ್ಕೆ ಅರ್ಧ ಲೋಟ ನೀರು ಬೆರೆಸಿದರೂ, ಮೈಕ್ರೊವೇವಿನಲ್ಲಿ ಒಣಗಿದರೂ 330 ಬದಲಾಗದು.

ತೂಗುವುದು ಯಾವಾಗ ಎಂಬುದೂ ಮುಖ್ಯ. 90 ಡಿಗ್ರಿಯಲ್ಲಿ ಹಬೆಯಾಡುವ ಮೂರು ಕಿಲೊ ಅಡುಗೆ 40 ಡಿಗ್ರಿಗೆ ಇಳಿಯಬೇಕಾದರೆ ಸುಮಾರು 500 ಕಿಲೊಜೂಲ್ ಶಾಖ ಬಿಟ್ಟುಕೊಡಬೇಕು. ಒಂದು ಗ್ರಾಂ ನೀರು ಆವಿಯಾಗಲು 2.3 ಕಿಲೊಜೂಲಿನಷ್ಟು ಶಾಖ ಬೇಕು. ಶಾಖವೆಲ್ಲ ಆವಿಯ ದಾರಿಯಲ್ಲೇ ಹೋದರೆ 200 ಗ್ರಾಂಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ನಿಜದಲ್ಲಿ ಪಾತ್ರೆಯ ಗೋಡೆಯಿಂದಲೂ ಶಾಖ ಹೋಗುವುದರಿಂದ ಅಷ್ಟಾಗದು, ಆದರೂ ತಕ್ಕಡಿಗೆ ತಿಳಿಯುವಷ್ಟು ತೂಕ ಇಳಿಯುತ್ತದೆ. ಬಿಸಿಬಿಸಿಯಾಗಿ ಪಾತ್ರೆ ತೂಗಿ, ರಾತ್ರಿ ಆರಿದ ಮೇಲೆ ಬಡಿಸಿದರೆ ಪಾತ್ರೆಯ ತೂಕವೂ ಬಟ್ಟಲಿನ ತೂಕವೂ ಹೊಂದುವುದಿಲ್ಲ. ಹಂಚುವ ಹೊತ್ತಿಗೇ ತೂಗಬೇಕು. ಹಾಗೆಂದು ಆರಲಿ ಎಂದು ಹೊತ್ತುಗಟ್ಟಲೆ ಹೊರಗಿಡುವುದೂ ಅಪಾಯ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರನ್ನೂ ತಾಳಿಕೊಂಡು ಉಳಿದಿರುತ್ತವೆ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಬಿಡುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಎರಡು ಗಂಟೆಯೊಳಗೆ ಆಳವಿಲ್ಲದ ಸಣ್ಣ ಡಬ್ಬಿಗಳಲ್ಲಿ ಫ್ರಿಜ್ ಸೇರಿಸಿದರೆ ಲೆಕ್ಕವೂ ಸರಿ, ಹೊಟ್ಟೆಯೂ ಸರಿ.

ಇನ್ನು ತಕ್ಕಡಿಯ ವಿಷಯ. ಈಗ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಹೊಟ್ಟೆಯಲ್ಲಿ ಒಂದು ಲೋಹದ ತುಂಡಿದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಯ ಜಾಲವೂ ಜೊತೆಗೇ ಹಿಗ್ಗುತ್ತದೆ, ಹಿಗ್ಗಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಗ್ರಾಮಿಗೆ ಪರಿವರ್ತಿಸಿ ತೋರಿಸುವುದೇ ಪರದೆಯ ಕೆಲಸ. ಈ ‘ಸ್ಟ್ರೈನ್ ಗೇಜ್’ ಅನ್ನು 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬೇರೆ ಬೇರೆಯಾಗಿ ರೂಪಿಸಿದರು. ರೂಜ್ ಅವರಿಗೆ ಅದು ಬೇಕಾಗಿದ್ದದ್ದು ಭೂಕಂಪದಲ್ಲಿ ನೀರಿನ ಟ್ಯಾಂಕುಗಳು ಹೇಗೆ ತಡೆದುಕೊಳ್ಳುತ್ತವೆಂದು ನೋಡಲು.

ಈ ತಕ್ಕಡಿಗೂ ಅದರದೇ ಸ್ವಭಾವಗಳಿವೆ. ಸಾಮಾನ್ಯವಾಗಿ ಐದು ಕಿಲೊ ಅದರ ಮಿತಿ. ಎರಡು ಕಿಲೊ ತೂಗುವ ಕುಕ್ಕರಿನಲ್ಲಿ ಮೂರೂವರೆ ಕಿಲೊ ಹುಳಿ ಇದ್ದರೆ ಅದು ಸೋಲುತ್ತದೆ. ಅಂಥಾಗ ಪಾತ್ರೆಯನ್ನು ತೂಗುವ ಗೋಜೇ ಬೇಡ. ಡಬ್ಬಿಗಳಿಗೆ ಹಾಕುತ್ತ ಒಂದೊಂದರ ತೂಕ ಬರೆದುಕೊಂಡು ಕೊನೆಗೆ ಕೂಡಿದರೆ ಅದೇ ಒಟ್ಟು ತೂಕ. ಆಗಾಗ ಬಳಸುವ ಪಾತ್ರೆಗಳನ್ನು ಖಾಲಿಯಿದ್ದಾಗಲೇ ಒಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಂಡರೆ ಪ್ರತಿಸಲ ಹೆಣಗಬೇಕಿಲ್ಲ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ತಕ್ಕಡಿಯ ಮೇಲಿಡಬಾರದು, ಶಾಖಕ್ಕೆ ಆ ಲೋಹದ ತುಂಡು ತಪ್ಪು ಹೇಳತೊಡಗುತ್ತದೆ. ನಡುವೆ ಒಂದು ಮರದ ಹಲಗೆ ಇಟ್ಟು, ಹಲಗೆಯ ಸಮೇತ ಸೊನ್ನೆ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಎಣ್ಣೆಯಲ್ಲಿ. ಅನೇಕ ತಕ್ಕಡಿಗಳು ಸೊನ್ನೆಯ ಹತ್ತಿರ ನಿಧಾನವಾಗಿ ಆಗುವ ಬದಲಾವಣೆಯನ್ನು ತಮ್ಮದೇ ಯಂತ್ರದ ಕದಲಾಟವೆಂದು ತಿಳಿದು ಅಳಿಸಿಹಾಕುತ್ತವೆ. ಸೊನ್ನೆ ಮಾಡಿದ ಬಟ್ಟಲಿಗೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟರೆ ಐದಾರು ಗ್ರಾಂ ಬಿದ್ದಿದ್ದರೂ ಪರದೆಯಲ್ಲಿ ಸೊನ್ನೆಯೇ ಇರಬಹುದು. ಇದಕ್ಕೆ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಹಳೆಯ ಪರಿಹಾರವಿದೆ. ಬಟ್ಟಲನ್ನು ತೂಗುವ ಬದಲು ಎಣ್ಣೆಯ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಬೇಕು. ಬಾಟಲಿ ಎತ್ತಿ, ಬಾಣಲೆಗೆ ಬೇಕಾದಷ್ಟು ಸುರಿದು, ಮತ್ತೆ ಇಟ್ಟಾಗ ಪರದೆಯಲ್ಲಿ ಮೈನಸ್ 22 ಎಂದು ಬಂದರೆ ಬಾಣಲೆಗೆ ಹೋಗಿರುವುದು 22 ಗ್ರಾಂ. ತುಪ್ಪದ ಜಾಡಿಗೂ, ಕಡಲೆಬೀಜದ ಡಬ್ಬಕ್ಕೂ ಇದೇ ವಿಧಾನ.

ಎಣ್ಣೆಗೆ ಇಷ್ಟು ಉಪಚಾರ ಏಕೆಂದರೆ ಕ್ಯಾಲೊರಿ ಎಲ್ಲ ಸಾಮಾನಿನಲ್ಲೂ ಸಮವಾಗಿ ಹಂಚಿಹೋಗಿಲ್ಲ. ಬೀನ್ಸಿನ ತೂಕದಲ್ಲಿ 10 ಗ್ರಾಂ ಹೆಚ್ಚುಕಡಿಮೆಯಾದರೆ ಮೂರು ಕ್ಯಾಲೊರಿ ಅತ್ತಿತ್ತ ಆಗುತ್ತದೆ. ಎಣ್ಣೆಯಲ್ಲಿ ಅದೇ 10 ಗ್ರಾಂಗೆ 90. ತರಕಾರಿಯನ್ನು ಗ್ರಾಂ ಗ್ರಾಂ ತೂಗಿ, ಕೊನೆಗೆ ಒಗ್ಗರಣೆಗೆ ಬಾಟಲಿಯಿಂದ ಧಾರಾಳವಾಗಿ ಬಗ್ಗಿಸುವ ಅಭ್ಯಾಸ ಬಹಳ ಮಂದಿಗಿದೆ. ಶ್ರಮ ಹಾಕಬೇಕಾದ ಜಾಗ ತರಕಾರಿಯಲ್ಲ. ಎಣ್ಣೆ, ತುಪ್ಪ, ಕೊಬ್ಬರಿ, ಬೀಜಗಳನ್ನು ಶ್ರದ್ಧೆಯಿಂದ ತೂಗಿ, ಅಕ್ಕಿ ಬೇಳೆಯನ್ನು ಸರಿಯಾಗಿ ತೂಗಿದರೆ ಸೊಪ್ಪು ತರಕಾರಿಯನ್ನು ಅಂದಾಜಿಗೆ ಬಿಡಬಹುದು. ಕರಿದ ತಿಂಡಿಗೂ ಬೇರೆ ದಾರಿಯಿಲ್ಲ. ಬಾಣಲೆಗೆ ಹಾಕಿದ ಎಣ್ಣೆ 500 ಗ್ರಾಂ, ಪೂರಿ ಕರಿದು ಪೂರ್ತಿ ಆರಿದ ಮೇಲೆ ಉಳಿದದ್ದು 430 ಗ್ರಾಂ ಎಂದಾದರೆ, ನಡುವಿನ 70 ಗ್ರಾಂ ಪೂರಿಯೊಳಗಿದೆ ಎಂದೇ ಹಿಡಿಯಬೇಕು. ಹದಿನಾಲ್ಕು ಪೂರಿಯಾಗಿದ್ದರೆ ಹಿಟ್ಟಿನದಲ್ಲದೆ ಎಣ್ಣೆಯಿಂದಲೇ ಒಂದೊಂದಕ್ಕೆ 45 ಕ್ಯಾಲೊರಿ.

ಒಟ್ಟು ಶಕ್ತಿ ಸಿಕ್ಕಿತು, ಒಟ್ಟು ತೂಕ ಸಿಕ್ಕಿತು. ಆದರೆ ಪಾತ್ರೆಯ ಮೇಲಿನ ಸೌಟಿಗೂ ತಳದ ಸೌಟಿಗೂ ಒಂದೇ ಶಕ್ತಿಯೇ? ಅಲ್ಲ, ಹೆಚ್ಚಿನ ಸಾರುಗಳಲ್ಲಂತೂ ಅಲ್ಲವೇ ಅಲ್ಲ. ಬೇಳೆ ಭಾರ, ತಳಕ್ಕಿಳಿಯುತ್ತದೆ. ಎಣ್ಣೆ ಹಗುರ, ಅದರ ಸಾಂದ್ರತೆ ನೀರಿನ ಹತ್ತರಲ್ಲಿ ಒಂಬತ್ತು ಪಾಲು, ಹಾಗಾಗಿ ಮೇಲೆ ತೇಲುತ್ತದೆ. ಕದಡದ ಹುಳಿಯಲ್ಲಿ ಮೊದಲು ಬಡಿಸಿಕೊಂಡವರಿಗೆ ಜಿಡ್ಡು, ಕೊನೆಯವರಿಗೆ ಬೇಳೆ, ನಡುವಿನವರಿಗೆ ತಿಳಿ. ಗಣಿಗಳ ಅದಿರಿನಲ್ಲೂ ಇದೇ ಸಮಸ್ಯೆ: ರಾಶಿಯಿಂದ ಒಂದು ಹಿಡಿ ತೆಗೆದು ಇಡೀ ರಾಶಿಯ ಗುಣ ಹೇಳುವುದು ಹೇಗೆ? ಫ್ರಾನ್ಸಿನ ಪಿಯರ್ ಜೀ ಎಂಬ ವಿಜ್ಞಾನಿ 1950ರ ದಶಕದಿಂದ ಬದುಕಿನುದ್ದಕ್ಕೂ ಇದೊಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಅವರ ಸಿದ್ಧಾಂತದ ತಿರುಳು ಅಡುಗೆಮನೆಗೂ ಹೊಂದುತ್ತದೆ. ರಾಶಿಯ ಪ್ರತಿ ಕಣಕ್ಕೂ ಕೈಗೆ ಬರುವ ಅವಕಾಶ ಸಮನಾಗಿರಬೇಕು. ಕಣ ದೊಡ್ಡದಾದಷ್ಟೂ ತೆಗೆಯುವ ಮಾದರಿಯೂ ದೊಡ್ಡದಿರಬೇಕು. ಅಂದರೆ ಪ್ರತಿ ಸೌಟಿಗೂ ಮೊದಲು ತಳದಿಂದ ಕದಡಬೇಕು, ಮತ್ತು ಸಣ್ಣದಾಗಿ ಹೆಚ್ಚಿದ ಪಲ್ಯವನ್ನು ಹಂಚುವುದು ದಪ್ಪ ಹೋಳಿನ ಕೂಟನ್ನು ಹಂಚುವುದಕ್ಕಿಂತ ಸುಲಭ.

ಕೋಳಿ ಸಾರಿಗೆ ಕದಡುವುದೂ ಸಾಲದು. ತುಂಡುಗಳು ಬೇರೆ, ರಸ ಬೇರೆ, ಮೂಳೆಗೆ ತೂಕವಿದ್ದೂ ತಿನ್ನಲಾಗದು. ತುಂಡುಗಳನ್ನು ಎತ್ತಿ ಬೇರೆ ಪಾತ್ರೆಯಲ್ಲಿಟ್ಟು, ಮಸಾಲೆಯ ರಸವನ್ನು ಬೇರೆಯಾಗಿ ತೂಗಿ, ಎರಡನ್ನೂ ಎರಡು ಅಡುಗೆಯೆಂದೇ ಎಣಿಸುವುದು ಉತ್ತಮ. ಊಟವಾದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆಯನ್ನು ತೂಗಿ ಕಳೆಯಬೇಕು.

ಮುದ್ದೆಗೆ ಇಂಥ ತೊಡಕು ಯಾವುದೂ ಇಲ್ಲ. ಒಂದೇ ಹಿಟ್ಟು, ಒಂದೇ ಹದ. 500 ಗ್ರಾಂ ರಾಗಿಹಿಟ್ಟಿನಲ್ಲಿ 1,600 ಕ್ಯಾಲೊರಿ. ಆರು ಸಮ ಮುದ್ದೆ ಕಟ್ಟಿದರೆ ಒಂದಕ್ಕೆ 267. ನೀರೆಷ್ಟು ಹಿಡಿಯಿತೆಂದು ಕೇಳುವವರೇ ಇಲ್ಲ. ಇಡ್ಲಿಯೂ ಹಾಗೆಯೇ, ಎಣಿಸಿದರೆ ಸಾಕು.

ಪಾಲಿನ ಈ ತರ್ಕ ಭಾರತದ ಪೋಷಣಾ ಸಮೀಕ್ಷೆಗಳಿಗೆ ಬಹಳ ಹಳೆಯದು. 1972ರಲ್ಲಿ ಆರಂಭವಾದ ರಾಷ್ಟ್ರೀಯ ಪೋಷಣಾ ಉಸ್ತುವಾರಿ ಬ್ಯೂರೊದ ಸಿಬ್ಬಂದಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಳ್ಳಿಮನೆಗಳಿಗೆ ಹೋಗುತ್ತಿದ್ದರು. ಕೈಯಲ್ಲಿ ಗೊತ್ತಾದ ಅಳತೆಯ ಬಟ್ಟಲುಗಳ ಸೆಟ್ಟು. ಅಡುಗೆಗೆ ಹಾಕಿದ ಹಸಿ ಸಾಮಾನೆಷ್ಟು, ಬೆಂದು ಬಂದದ್ದು ಒಟ್ಟು ಎಷ್ಟು, ಮನೆಯ ಒಬ್ಬೊಬ್ಬರು ತಿಂದದ್ದು ಅದರಲ್ಲೆಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಒಂದು ಕಿಲೊ ಅಕ್ಕಿಯಿಂದ ಮೂರು ಲೀಟರ್ ಅಳತೆಯ ಅನ್ನವಾಗಿ, ಅದರಲ್ಲಿ ಮನೆಯಾಕೆ ಅರ್ಧ ಲೀಟರ್ ಉಂಡಿದ್ದರೆ ಆಕೆ ತಿಂದದ್ದು ಆರನೇ ಒಂದು ಪಾಲು, ಅಂದರೆ 167 ಗ್ರಾಂ ಹಸಿ ಅಕ್ಕಿ. ಪಾತ್ರೆ ಎಲ್ಲರದೂ ಒಂದೇ ಆದರೂ ಪಾಲು ಒಂದೇ ಅಲ್ಲವೆಂಬುದನ್ನು ಈ ಲೆಕ್ಕ ಮನೆಯೊಳಗೇ ತೋರಿಸಿಕೊಡಬಲ್ಲದು. ಆ್ಯಪಿನವರು ಇಂದು ಮಾಡುತ್ತಿರುವುದೂ ಇದನ್ನೇ.

ಶಾಲೆಯ ಬಿಸಿಯೂಟವೂ ಹಸಿ ತೂಕದ ಮೇಲೆಯೇ ನಿಂತಿದೆ. ಕರ್ನಾಟಕದಲ್ಲಿ ಅಕ್ಷರ ದಾಸೋಹವೆಂದು ಹೆಸರಾದ ಈ ಯೋಜನೆಗೆ ಕೇಂದ್ರ ಸರ್ಕಾರ ಗೊತ್ತುಮಾಡಿರುವ ಪ್ರಮಾಣದಂತೆ ಪ್ರಾಥಮಿಕ ಶಾಲೆಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಸಿಗಬೇಕಾದದ್ದು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಇನ್ನೂರು ಮಕ್ಕಳಿಗೆ 20 ಕಿಲೊ ಅಕ್ಕಿ, 4 ಕಿಲೊ ಬೇಳೆ, 10 ಕಿಲೊ ತರಕಾರಿ, 1 ಕಿಲೊ ಎಣ್ಣೆ ಎಂದು ಕೂಡಿ ನೋಡಿದರೆ ತಲೆಗೆ 480ರ ಆಸುಪಾಸು ಬರುತ್ತದೆ. ಅಷ್ಟು ದೊಡ್ಡ ಹಂಡೆಯನ್ನು ಯಾರೂ ತೂಗುವುದಿಲ್ಲ. ಆ ಭಾಗಾಕಾರವನ್ನು ಮಾಡುವುದು ಅಡುಗೆಯವರ ಸೌಟು. ತಳದಿಂದ ಕದಡಿ ಬಡಿಸುವ ಅಡುಗೆಯಾಕೆ ಸಾಲಿನ ಕೊನೆಯ ಮಗುವಿಗೂ ಮೊದಲ ಮಗುವಿನಷ್ಟೇ ಪ್ರೋಟೀನ್ ಮುಟ್ಟಿಸುತ್ತಾಳೆ. ಈ ಕೌಶಲಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ಇಷ್ಟೆಲ್ಲ ತೂಗಿದರೂ ಕೊನೆಯ ಅಂಕಿ ಎಷ್ಟು ನಿಖರ? ಪಿಷ್ಟ ಮತ್ತು ಪ್ರೋಟೀನಿಗೆ ಗ್ರಾಮಿಗೆ 4, ಕೊಬ್ಬಿಗೆ 9 ಎಂಬ ಅಂಕಿಗಳು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್‌ವಾಟರ್ ಮಾಡಿದ ಪ್ರಯೋಗಗಳಿಂದ ಬಂದವು. ಮುಚ್ಚಿದ ಕೋಣೆಯೊಳಗೆ ಮನುಷ್ಯರನ್ನು ದಿನಗಟ್ಟಲೆ ಇರಿಸಿ ಅವರು ಬಿಡುವ ಶಾಖವನ್ನು ಅಟ್‌ವಾಟರ್ ಅಳೆದಿದ್ದರು. ಸರಾಸರಿಯಾಗಿ ಆ ಅಂಕಿಗಳು ಇವತ್ತಿಗೂ ಗಟ್ಟಿ, ಆದರೆ ಪ್ರತಿ ಆಹಾರಕ್ಕೂ ಅಲ್ಲ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಸ್ವಯಂಸೇವಕರಿಗೆ ಬಾದಾಮಿ ತಿನ್ನಿಸಿ ನೋಡಿದಾಗ, 28 ಗ್ರಾಮಿನಿಂದ ದೇಹಕ್ಕೆ ದಕ್ಕಿದ್ದು ಲೆಕ್ಕದಂತೆ ಬರಬೇಕಾದ 170ರ ಹತ್ತಿರವಲ್ಲ, 129 ಮಾತ್ರ. ಗಟ್ಟಿ ಕೋಶಗಳೊಳಗಿನ ಕೊಬ್ಬು ಜೀರ್ಣವಾಗದೆ ಹೊರಹೋಗಿತ್ತು. ಬೇಯಿಸುವುದರ ಪರಿಣಾಮ ಇದಕ್ಕೆ ಎದುರು. 2011ರಲ್ಲಿ ಹಾರ್ವರ್ಡ್‌ನ ರೇಚಲ್ ಕಾರ್ಮಡಿ ಮತ್ತು ಜೊತೆಗಾರರು ಇಲಿಗಳಿಗೆ ಸಿಹಿಗೆಣಸನ್ನು ಹಸಿಯಾಗಿಯೂ ಬೇಯಿಸಿಯೂ ಕೊಟ್ಟು, ಬೆಂದದ್ದರಿಂದ ಹೆಚ್ಚು ಶಕ್ತಿ ದಕ್ಕುವುದನ್ನು ತೋರಿಸಿದರು. ಅನ್ನ ತಣಿದಾಗ ಪಿಷ್ಟದ ಒಂದು ಸಣ್ಣ ಭಾಗ ಮತ್ತೆ ಬಿಗಿಯಾಗಿ ಹೆಣೆದುಕೊಂಡು ಸಣ್ಣ ಕರುಳಿನಲ್ಲಿ ಕರಗದೆ ಮುಂದೆ ಸಾಗುತ್ತದೆ. ಪೊಟ್ಟಣದ ಆಹಾರಗಳ ಲೇಬಲ್ಲಿಗೇ ಅಮೆರಿಕದ ಕಾನೂನು ಕ್ಯಾಲೊರಿಯಲ್ಲಿ ಶೇ 20ರಷ್ಟು ಹೆಚ್ಚಳವನ್ನು ಸಹಿಸಿಕೊಳ್ಳುತ್ತದೆ. ಹೀಗಿರುವಾಗ ಮನೆಯ ಹುಳಿ 331 ಕ್ಯಾಲೊರಿಯೋ 334ಓ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ಹಾಗಾದರೆ ತೂಗುವುದೇ ಬೇಡವೇ ಎಂದರೆ, ಬೇಕು. ತೂಗದಿದ್ದಾಗ ಆಗುವ ತಪ್ಪು ಇವೆಲ್ಲಕ್ಕಿಂತ ದೊಡ್ಡದು. ನ್ಯೂಯಾರ್ಕಿನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದು ನೊಂದಿದ್ದವರು ಬರೆದಿಟ್ಟ ಊಟದ ಲೆಕ್ಕವನ್ನು ಅವರ ದೇಹ ನಿಜಕ್ಕೂ ಖರ್ಚು ಮಾಡಿದ ಶಕ್ತಿಯೊಂದಿಗೆ ಹೋಲಿಸಲಾಯಿತು. ತಿಂದದ್ದನ್ನು ಅವರು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು. ಬೇಕೆಂದು ಸುಳ್ಳು ಬರೆದವರೆಂದು ಅವರನ್ನು ತಳ್ಳಿಹಾಕುವುದು ತಪ್ಪು. ಕಣ್ಣಳತೆ ಎಲ್ಲರಿಗೂ ಕೈಕೊಡುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಬಾರ್ಬರಾ ರೋಲ್ಸ್ ತಂಡ 2002ರಲ್ಲಿ ಒಂದೇ ಅಡುಗೆಯನ್ನು ಒಂದು ದಿನ 500 ಗ್ರಾಂ, ಇನ್ನೊಂದು ದಿನ 1,000 ಗ್ರಾಂ ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಮುಂದಿಟ್ಟಾಗ, ದೊಡ್ಡ ಪ್ರಮಾಣ ಕಂಡ ದಿನ ಜನ ಶೇ 30ರಷ್ಟು ಹೆಚ್ಚು ತಿಂದರು. ಹಸಿವು ಹುಟ್ಟುವ ಮೊದಲೇ ಅಡುಗೆಯನ್ನು ಡಬ್ಬಿಗಳಿಗೆ ಹಂಚಿಡುವುದರ ಲಾಭ ಇಲ್ಲಿದೆ. ಇದರ ಜೊತೆಗೆ ಒಂದು ಎಚ್ಚರವನ್ನೂ ಹೇಳಲೇಬೇಕು. ಊಟದ ಮಾತೆತ್ತಿದರೆ ಭಯಪಡುವವರಿಗೆ, ಅಂಕಿ ಮೀರಿದರೆ ಉಪವಾಸ ಬೀಳುವವರಿಗೆ ಈ ತಕ್ಕಡಿ ಔಷಧಿಯಲ್ಲ. ಅವರು ಅದನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಬೇಕು.

ಇದೇ ಭಾಗಾಕಾರ ಕ್ಯಾಲೊರಿಗಿಂತ ಹೆಚ್ಚು ಉಪಕಾರಕ್ಕೆ ಬರುವುದು ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಳ್ಳುವ ಮನೆಗಳಲ್ಲಿ. ಅಲ್ಲಿ ಎಣಿಸಬೇಕಾದದ್ದು ಕಾರ್ಬೊಹೈಡ್ರೇಟ್. ಮೇಲಿನ ಬಿಸಿಬೇಳೆಬಾತ್‌ನಲ್ಲಿ ಅಕ್ಕಿಯಿಂದ 235 ಗ್ರಾಂ, ಬೇಳೆಯಿಂದ 110, ಬೆಲ್ಲದಿಂದ 17, ತರಕಾರಿ ಮತ್ತು ಉಳಿದವುಗಳಿಂದ ಒಂದು 25, ಒಟ್ಟು ಸುಮಾರು 387 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. 3,000 ಗ್ರಾಂ ಬಾತ್ ಆಗಿದ್ದರೆ 350 ಗ್ರಾಮಿನ ಬಟ್ಟಲಿಗೆ 45 ಗ್ರಾಂ, ಗಟ್ಟಿಯಾಗಿ 2,600 ಗ್ರಾಂ ಆಗಿದ್ದರೆ 52 ಗ್ರಾಂ. ಬೆಂದ ತೂಕವನ್ನು ಪ್ರತಿ ಅಡುಗೆಗೂ ಹೊಸದಾಗಿ ತೂಗಿ, ಡಬ್ಬಿಯ ಮುಚ್ಚಳದ ಮೇಲೆ ಅಂಕಿ ಬರೆದಿಟ್ಟರೆ, ಮಧುಮೇಹವಿರುವ ಮಗು ಶಾಲೆಯಲ್ಲಿ ಡಬ್ಬಿ ತೆರೆದಾಗ ಎಷ್ಟು ತಿನ್ನುತ್ತಿದೆ ಎಂಬುದು ಮಗುವಿಗೂ ಗೊತ್ತು, ಮನೆಯಲ್ಲಿರುವ ಅಮ್ಮನಿಗೂ ಗೊತ್ತು.